ನಮ್ಮೂರಿಗೆ ಕರೆಂಟ್ ಪ್ರಾಜೆಕ್ಟ್ ಬಂದರೆ ನಮಗೇನು ಸಿಗುತ್ತೆ? ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅರಸೀಕೆರೆಯ ಟೀ ಅಂಗಡಿ, ಸಕಲೇಶಪುರದ ಬೆಳೆಗಾರರ ಸಭೆ, ಊರ ಡೈರಿ ಮುಂದಿನ ಕಟ್ಟೆ. ಎಲ್ಲಿ ಕೂತರೂ ಸೋಲಾರ್, ಗಾಳಿಯಂತ್ರ, ಹೈಟೆನ್ಷನ್ ಲೈನ್ ಮಾತು ಬಂದೇ ಬರುತ್ತದೆ. ಕಾಗದದಲ್ಲಿ, ಫೋನಿನಲ್ಲಿ ಕೇಳುವವರೂ ಇದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಮೊದಲು ಬುಡದ ವಿಚಾರ

ಕರೆಂಟ್ ಪ್ರಾಜೆಕ್ಟ್ ಅಂದ್ರೆ ಡ್ಯಾಮ್ ತಾನೆ? ನಮ್ಮ ಕಡೆ ಅಂಥದ್ದೇನಿದೆ?

ಡ್ಯಾಮೂ ಇದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ವಿದ್ಯುತ್ ಮನೆಗಳಿವೆ, ಎಲ್ಲಾ ಸೇರಿ ಸುಮಾರು 39 ಮೆಗಾವ್ಯಾಟ್. ಆದರೆ ಅಷ್ಟೇ ಅಲ್ಲ. ಸಕಲೇಶಪುರದ ಘಾಟಿ ಹೊಳೆಗಳಲ್ಲಿ ಸಣ್ಣ ಹೈಡೆಲ್‌ಗಳು, ಅರಸೀಕೆರೆ, ಕಡೂರು ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ, ಬಯಲುಸೀಮೆ ತಾಲ್ಲೂಕುಗಳಲ್ಲಿ ಸೋಲಾರ್. ಹಾಸನದ ಹತ್ತಿರ ಶಾಂತಿಗ್ರಾಮದಲ್ಲಿ 400 ಕೆವಿ ಸ್ಟೇಷನ್ ಇದೆ. ಉಡುಪಿ ಕಡೆಯ ಕಲ್ಲಿದ್ದಲು ಸ್ಥಾವರದ ಕರೆಂಟು ಘಾಟಿ ಹತ್ತಿ ಅಲ್ಲಿಗೇ ಬರುತ್ತದೆ. ನೆಲದಡಿಯಲ್ಲಿ ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲ್ ಡೀಸೆಲ್ ಪೈಪ್‌ಲೈನ್ ಹೋಗಿದೆ. ಇನ್ನು ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ. ಇವೆಲ್ಲವೂ ಇಂಧನ ಯೋಜನೆಗಳೇ.

ಒಂದು ವಿಷಯ ನೆನಪಿರಲಿ. ಹಾಸನ ಜಿಲ್ಲೆಗೆ ಕರೆಂಟ್ ಕೊಡುವುದು ಮೈಸೂರಿನ ಚಾಮುಂಡೇಶ್ವರಿ ಕಂಪನಿ, ಚಿಕ್ಕಮಗಳೂರಿಗೆ ಮಂಗಳೂರಿನ ಮೆಸ್ಕಾಂ. ಬೇಲೂರಿನವರ ಅರ್ಜಿ ಒಂದು ಕಡೆ ಹೋದರೆ, ಪಕ್ಕದ ಮೂಡಿಗೆರೆಯವರದ್ದು ಇನ್ನೊಂದು ಕಡೆ. ನೆಂಟರ ಮನೆಯಲ್ಲಿ ಹೀಗೆ ಆಯ್ತಂತೆ ಅಂತ ನಂಬಿ ಹೊರಡುವ ಮುಂಚೆ ಇದನ್ನು ನೋಡಿಕೊಳ್ಳಿ.

ನಮ್ಮ ಊರಲ್ಲೇ ಕರೆಂಟ್ ತಯಾರಾದ್ರೆ ನಮಗೆ ಫ್ರೀ ಸಿಗುತ್ತಾ? ಕೊನೇ ಪಕ್ಷ ಕರೆಂಟ್ ಹೋಗದೇ ಇರುತ್ತಾ?

ಎರಡೂ ಇಲ್ಲ. ತಯಾರಾದ ಕರೆಂಟು ಲೈನಿಗೆ ಸೇರುತ್ತದೆ, ಲೈನ್ ಎಲ್ಲಿಗೆ ಎಳೆದಿದೆಯೋ ಅಲ್ಲಿಗೆ ಹೋಗುತ್ತದೆ. ಇದು ಹಳೇ ಕಥೆ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತಯಾರಾದಾಗ ಅದು ಮೊದಲು ಹೋಗಿದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಜಲಪಾತದ ಪಕ್ಕದ ಹಳ್ಳಿಗಳಲ್ಲಿ ಬುಡ್ಡಿದೀಪವೇ ಉರಿಯುತ್ತಿತ್ತು.

ಮನೆಗೆ ಸಿಗುವ ಗೃಹಜ್ಯೋತಿಯ 200 ಯೂನಿಟ್ಟೂ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಉಚಿತ ಕರೆಂಟೂ ರಾಜ್ಯ ಸರ್ಕಾರದ ಲೆಕ್ಕ. ಗುಡ್ಡದ ಮೇಲೆ ತಿರುಗುವ ರೆಕ್ಕೆಗೂ ಅದಕ್ಕೂ ಸಂಬಂಧವಿಲ್ಲ.

ಒಂದು ಬಗೆಯ ಯೋಜನೆಯಲ್ಲಿ ಮಾತ್ರ ಸ್ವಲ್ಪ ಲೆಕ್ಕ ಬೇರೆ. ರೈತರಿಗಾಗಿ ಕೇಂದ್ರ ತಂದ ಸೋಲಾರ್ ಯೋಜನೆ ಕುಸುಮ್, ಅದರಲ್ಲಿ ಕುಸುಮ್ ಸಿ ಅಂತ ಒಂದು ಭಾಗ. ಅದರಲ್ಲಿ ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ, ಪಂಪ್‌ಸೆಟ್ ಫೀಡರ್‌ಗಳಿಗೆ, ಅಂದರೆ ಪಂಪ್‌ಸೆಟ್ಟಿಗೇ ಅಂತ ಎಳೆದ ಲೈನ್‌ಗಳಿಗೆ, ಹಗಲು ಹೊತ್ತು ಅಲ್ಲಿಂದಲೇ ಕರೆಂಟ್ ಕೊಡುತ್ತಾರೆ. ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂತು ಅಂತ ಟಾರ್ಚ್ ಹಿಡಿದು ಹೊಲಕ್ಕೆ ಹೋಗಿದ್ದವರಿಗೆ ಇದರ ಬೆಲೆ ಗೊತ್ತು. ಹಾವಿನ ಭಯ, ಆಲೂರು ಸಕಲೇಶಪುರದಲ್ಲಾದರೆ ಆನೆ ಭಯ. ಹಗಲು ನೀರು ಬಿಡೋದು ದುಡ್ಡಿನ ಲೆಕ್ಕಕ್ಕೆ ಸಿಗುವ ಲಾಭವಲ್ಲ. ಆದರೂ ನನ್ನ ಮಟ್ಟಿಗೆ ಅದೇ ದೊಡ್ಡದು.

ಸೋಲಾರ್ ಪ್ಲಾಂಟ್ ಬಂದ್ರೆ ನಮ್ಮ ಹುಡುಗರು ಎಷ್ಟು ಜನಕ್ಕೆ ಕೆಲಸ?

ಕಟ್ಟುವಾಗ ಜಾಸ್ತಿ, ಆಮೇಲೆ ಕಮ್ಮಿ. ಗುಂಡಿ ತೋಡೋದು, ಕಂಬ ನೆಡೋದು, ಕೇಬಲ್ ಎಳೆಯೋದು ಅಂತ ಕೆಲವು ತಿಂಗಳು ಊರು ಗಿಜಿಗುಡುತ್ತದೆ. ಜೆಸಿಬಿ, ಟ್ರ್ಯಾಕ್ಟರ್ ಇದ್ದವರಿಗೆ ಬಾಡಿಗೆ, ಮೆಸ್ ನಡೆಸುವವರಿಗೆ ವ್ಯಾಪಾರ. ಆಮೇಲೆ ಉಳಿಯುವುದು ಕಾವಲು, ಹುಲ್ಲು ಕತ್ತರಿಸೋದು, ಪ್ಯಾನೆಲ್ ತೊಳೆಯೋದು.

ತೊಳೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಬಿಸಿಲೇರುವ ಮುಂಚೆ ಶುರು. ಟ್ಯಾಂಕರ್ ಮುಂದೆ ಮುಂದೆ ಹೋಗುತ್ತದೆ, ಉದ್ದ ಕೋಲಿನ ತುದಿಗೆ ಒರೆಸುವ ಬಟ್ಟೆ ಕಟ್ಟಿಕೊಂಡು ನಾಲ್ಕೈದು ಹೆಂಗಸರು ಸಾಲು ಹಿಡಿದು ಹೋಗುತ್ತಾರೆ. ಸೀರೆ ಮೇಲೆ ಗಂಡಸರ ಶರ್ಟು, ತಲೆಗೆ ಟವೆಲ್ಲು. ಒಂಬತ್ತೂವರೆಗೆ ಗಾಜು ಮುಟ್ಟಲು ಆಗುವುದಿಲ್ಲ, ಕೆಲಸ ಬಂದ್. ಇಷ್ಟೇ ಹೊತ್ತಿಗೆ ದಿನದ ಕೂಲಿ ಲೆಕ್ಕ ಹಾಕಬೇಕಾ, ಅರ್ಧ ದಿನದ್ದಾ ಅನ್ನುವುದೇ ಅಲ್ಲಿನ ಖಾಯಂ ಜಗಳ.

ಐಟಿಐ, ಡಿಪ್ಲೊಮಾ ಮಾಡಿದ ಹುಡುಗರಿಗೆ ಗಾಳಿಯಂತ್ರದ ಕೆಲಸ ವಾಸಿ. ಗೋಪುರ ಹತ್ತುವ ತರಬೇತಿ ಪಡೆದವನಿಗೆ ಚಿತ್ರದುರ್ಗ, ಗದಗದಲ್ಲೂ ಕೆಲಸ ಸಿಗುತ್ತದೆ. ಅಂದರೆ ಹುಡುಗ ಊರು ಬಿಡುತ್ತಾನೆ, ಅದೂ ಒಂದು ಲೆಕ್ಕ. ನೂರಾರು ಜನಕ್ಕೆ ಕೆಲಸ ಕೊಡ್ತೀವಿ ಅಂತ ಯಾರಾದರೂ ವೇದಿಕೆ ಮೇಲೆ ಹೇಳಿದರೆ, ಕಟ್ಟುವಾಗಲಾ ಕಟ್ಟಿದ ಮೇಲಾ ಅಂತ ಕೇಳಿ.

ಮನೆ ಮೇಲೆ ಸೋಲಾರ್ ಹಾಕ್ಸೋದು ಲಾಭನಾ ಸ್ವಾಮಿ?

ನಿಮ್ಮ ಬಿಲ್ಲು ನೋಡಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್‌ನಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರು ಅಥವಾ ಜಾಸ್ತಿ ಆದರೆ ಒಟ್ಟು 78,000 ರೂಪಾಯಿ ಸಹಾಯಧನ. ಬಯಲಿನಲ್ಲಿ ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಅಂದುಕೊಳ್ಳಿ. ಆದರೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಉಳಿಸಲು ಏನಿದೆ? ಹೋಂಸ್ಟೇ, ಅಂಗಡಿ, ಗಿರಣಿ, ದೊಡ್ಡ ಮನೆಯವರಿಗೆ ಸರಿಹೋಗುತ್ತದೆ. ಶೃಂಗೇರಿ, ಕೊಪ್ಪದವರು ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕವನ್ನು ಬೇರೆಯಾಗಿಯೇ ಹಾಕಿ. ಆ ನಾಲ್ಕು ತಿಂಗಳು ಪ್ಯಾನೆಲ್ ಮೇಲೆ ಪಾಚಿ ಕಟ್ಟದಿದ್ದರೆ ಅದೇ ಪುಣ್ಯ.

## ಜಮೀನು, ದುಡ್ಡು, ಕಾಗದ

ಎಕರೆಗೆ ವರ್ಷಕ್ಕೆ ಇಷ್ಟು ಅಂತ ಬಾಡಿಗೆ ಕೊಡ್ತಾರಂತೆ. ಕೊಡೋದಾ, ಬೇಡ್ವಾ?

ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿ ಲೆಕ್ಕ ಹಾಕಿ. ಅಲ್ಲಿ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ, 2050 ಮೆಗಾವ್ಯಾಟ್. ಜಮೀನು ಕೊಂಡಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಟ್ಟು ಕೊಟ್ಟು ಬೇಸತ್ತಿದ್ದ ಕಡಲೆಕಾಯಿ ಹೊಲಕ್ಕೆ ಅದು ಒಳ್ಳೇ ದುಡ್ಡೇ. ಖಾಲಿ ಆಗಿದ್ದ ಊರಿಗೆ ಕೆಲವರು ವಾಪಸ್ ಬಂದರು.

ಆದರೆ ಕೊನೇತನಕ ಗುಣಿಸಿ ನೋಡಿ. 28ನೇ ವರ್ಷಕ್ಕೆ ಅದು 40,000ದ ಹತ್ತಿರ ನಿಲ್ಲುತ್ತದೆ. 28 ವರ್ಷದ ಹಿಂದೆ ಒಂದು ಚೀಲ ಸಿಮೆಂಟ್ ಎಷ್ಟಿತ್ತು, ಈಗ ಎಷ್ಟು? ಇನ್ನೊಂದು, ಬಾಡಿಗೆ ಬಂದಿದ್ದು ಜಮೀನು ಇದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯಲ್ಲಿ ಪಾಲಿಲ್ಲ. ಊರಿನ ಅಭಿವೃದ್ಧಿ ಅನ್ನುವಾಗ ಇವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ವಾ? ಗೋಮಾಳದಲ್ಲಿ ಪ್ಲಾಂಟ್ ಹಾಕುವಾಗಲಂತೂ ಈ ಪ್ರಶ್ನೆ ನೇರವಾಗಿ ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ತೆಂಗಿನ ತೋಟ, ನಾಲೆ ನೀರಿನ ಜಮೀನು ಕೊಡಬೇಡಿ. ಕಲ್ಲು ಭೂಮಿ, ಬೋರು ಬತ್ತಿದ ಖುಷ್ಕಿ ಇದ್ದರೆ ಅರ್ಧ ಕೊಟ್ಟು ಅರ್ಧ ಇಟ್ಟುಕೊಳ್ಳಿ. ಗಾಳಿಯಂತ್ರವಾದರೆ ಬುಡಕ್ಕೆ, ದಾರಿಗೆ ಮಾತ್ರ ಜಾಗ ಹೋಗುತ್ತದೆ. ಪಕ್ಕದಲ್ಲಿ ರಾಗಿ ಬೆಳೆಯುವುದಕ್ಕೆ ಅಡ್ಡಿಯಿಲ್ಲ.

ಇನ್ನು ಕಾಗದ. ತಾತನ ಹೆಸರಲ್ಲೇ ಪಹಣಿ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ), ಪೋಡಿ ಮಾಡಿಸಿ (ಅಳತೆ ಮಾಡಿಸಿ ಪಾಲು ಬೇರೆ ಮಾಡೋದು). ಗೊತ್ತಿರುವ ಒಂದು ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಪಹಣಿ ದೊಡ್ಡವರ ಹೆಸರಲ್ಲಿ ಮಾತ್ರ. ಮೊದಲ ವರ್ಷದ ಬಾಡಿಗೆ ಚೆಕ್ಕು ಬಂದ ದಿನವೇ ಒಂದು ಮನೆಯಲ್ಲಿ ಮೂರು ಒಲೆ ಹೊತ್ತಿದವು. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು ನೆಲ ಸಮ ಮಾಡಿಕೊಡುವವರು ಯಾರು ಅಂತಲೂ ಕರಾರಿನಲ್ಲಿ ಬರೆದಿರಬೇಕು.

ಬೇರೆಯವರಿಗೆ ಯಾಕೆ ಕೊಡ್ಬೇಕು? ನಾನೇ ಒಂದು ಮೆಗಾವ್ಯಾಟ್ ಹಾಕ್ಬೋದಾ?

ಹಾಕಬಹುದು. 2019ರಲ್ಲಿ ಬಂದ ಕುಸುಮ್ ಎ ಇರುವುದೇ ರೈತರು, ರೈತರ ಗುಂಪು, ಸಹಕಾರ ಸಂಘಗಳಿಗೆ: ಸಬ್‌ಸ್ಟೇಷನ್‌ನಿಂದ ಐದು ಕಿಲೋಮೀಟರ್ ಒಳಗೆ, 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗೆ. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಬೇಕು, ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ನಿರೀಕ್ಷಿಸಬಹುದು. ಬಂಡವಾಳ ಮಾತ್ರ ಕೋಟಿಗಳ ಲೆಕ್ಕ.

ಹಳೇ ಅನುಭವ ಒಂದಿದೆ, ಕೇಳಿಸಿಕೊಳ್ಳಿ. 2014ರಲ್ಲಿ ನಮ್ಮ ರಾಜ್ಯದಲ್ಲೇ ಜಮೀನಿರುವ ರೈತರಿಗೆ ಒಂದರಿಂದ ಮೂರು ಮೆಗಾವ್ಯಾಟ್ ಕೊಡುವ ಯೋಜನೆ ಬಂತು. ಆಗಿನ ದರ ಯೂನಿಟ್‌ಗೆ 8 ರೂಪಾಯಿ 40 ಪೈಸೆ. ಜನ ಮುಗಿಬಿದ್ದರು. ಆದರೆ ಭೂಪರಿವರ್ತನೆ, ಬ್ಯಾಂಕ್ ಸಾಲ, ಲೈನ್ ಅನುಮತಿ ಅಂತ ಓಡಾಡುವುದರಲ್ಲೇ ಎಷ್ಟೋ ಜನರ ಗಡುವು ಮೀರಿತು. ಗಡುವು ಮೀರಿದವರಿಗೆ ದರ ಇಳಿಯಿತು, ಕೇಸು ಕೋರ್ಟಿಗೆ ಹೋಯಿತು. ಇನ್ನೆಷ್ಟೋ ಕಡೆ ರೈತರ ಹೆಸರು ಬೋರ್ಡಿನಲ್ಲಿ ಉಳಿಯಿತು, ಪಾಲು ಕಂಪನಿಗಳ ಕೈಗೆ ಹೋಯಿತು. ಬಿಸಿಲು ಯಾರಿಗೂ ಕೈಕೊಡಲಿಲ್ಲ, ಕೈಕೊಟ್ಟಿದ್ದು ಕಾಗದ. ಒಬ್ಬರೇ ಹೊರುವ ಬದಲು ಹಾಲಿನ ಸಂಘದಂಥ ಸಂಘ ಕಟ್ಟಿಕೊಂಡು, ಓಡಾಡುವುದಕ್ಕೆ ಒಬ್ಬ ತಿಳಿದವರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದು ವಾಸಿ.

ತೋಟದ ಮೇಲೆ ಹೈಟೆನ್ಷನ್ ಲೈನ್ ಎಳೀತಾರಂತೆ. ಪರಿಹಾರ ಎಷ್ಟು ಕೇಳ್ಬೇಕು?

ಕೇಂದ್ರದ ಮಾರ್ಗಸೂಚಿ ಎರಡು ಸಲ ಮುಖ್ಯವಾಗಿ ಬದಲಾಗಿದೆ. 2015ರದ್ದರಲ್ಲಿ ಟವರ್ ಕಾಲಿನ ಜಾಗಕ್ಕೆ ಭೂಮಿ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15. 2024ರ ಜೂನ್‌ನದ್ದರಲ್ಲಿ ಟವರ್ ಜಾಗಕ್ಕೆ ಶೇ. 200, ಪಟ್ಟಿಗೆ ಶೇ. 30. ಇದು ಮಾರ್ಗಸೂಚಿ, ರಾಜ್ಯ ಒಪ್ಪಿ ಆದೇಶ ಮಾಡಿದರೇ ಬಲ. ಹಾಗಾಗಿ ನಿಮ್ಮ ಲೈನಿಗೆ ಯಾವ ಆದೇಶ ಅನ್ವಯ ಅಂತ ಡಿಸಿ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ.

ಕಾಫಿ ತೋಟದ ಸಂಕಟ ಬೇರೆ. ಹೊಲದಲ್ಲಿ ತಂತಿ ಕೆಳಗೆ ರಾಗಿ ಬೆಳೆಯಬಹುದು. ತೋಟದಲ್ಲಿ ಲೈನ್ ಹೋದರೆ ಪಟ್ಟಿಯುದ್ದಕ್ಕೂ ಸಿಲ್ವರ್ ಮರ ಹೋಗುತ್ತದೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹೋಗುತ್ತದೆ, ನೆರಳು ಹೋದ ಮೇಲೆ ಅರೇಬಿಕಾ ಗಿಡ ಬಿಸಿಲಿಗೆ ಸುಡುತ್ತದೆ. ಮರ ಲೆಕ್ಕ ಹಾಕಲು ಬಂದವರು ಮರವನ್ನಷ್ಟೇ ಎಣಿಸುತ್ತಾರೆ. ಬಳ್ಳಿ ಎಣಿಸಿ ಅಂತ ನೀವೇ ಹೇಳಬೇಕು. ಕಡಿಯುವ ಮುಂಚೆ ಪ್ರತಿ ಮರಕ್ಕೂ ನಂಬರ್ ಬರೆದು ಫೋಟೊ ತೆಗೆದಿಟ್ಟುಕೊಳ್ಳಿ.

ನಮ್ಮ ಹೊಲದಡಿ ಎಣ್ಣೆ ಪೈಪ್ ಹೋಗಿದೆ. ಇದರಿಂದ ಹಾಸನಕ್ಕೆ ಏನು ಬಂತು?

1962ರ ಪೈಪ್‌ಲೈನ್ ಕಾಯ್ದೆಯಲ್ಲಿ ಜಮೀನು ನಿಮ್ಮದೇ, ಬಳಸುವ ಹಕ್ಕು ಮಾತ್ರ ಅವರದ್ದು. ಅದಕ್ಕೆ ಮಾರುಕಟ್ಟೆ ಬೆಲೆಯ ಶೇ. 10, ಜೊತೆಗೆ ಬೆಳೆ ಹಾನಿ. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು ನೆಡಬೇಕು ಅಂದುಕೊಂಡವರಿಗೆ ಶೇ. 10 ಏನೇನೂ ಅಲ್ಲ. ಅವರ ಸಿಟ್ಟು ನ್ಯಾಯವೇ.

ಪಟ್ಟಣಕ್ಕೆ ಬಂದ ಲಾಭ ಕಣ್ಣಿಗೆ ಕಾಣುತ್ತದೆ. 2003ರಲ್ಲಿ ಮಂಗಳೂರು–ಹಾಸನ–ಬೆಂಗಳೂರು ಲೈನ್ ಶುರುವಾದ ಮೇಲೆ ಹಾಸನದ ಟರ್ಮಿನಲ್‌ನಲ್ಲಿ ಎಣ್ಣೆ ಇಳಿಯುತ್ತದೆ, ಅಲ್ಲಿಂದ ಟ್ಯಾಂಕರ್‌ಗಳು ಸುತ್ತಲಿನ ಬಂಕ್‌ಗಳಿಗೆ ಹೋಗುತ್ತವೆ. ಟ್ಯಾಂಕರ್ ಅಂದರೆ ಡ್ರೈವರ್, ಕ್ಲೀನರ್, ಟೈರ್ ಅಂಗಡಿ, ಗ್ಯಾರೇಜು, ಬೆಳಗಿನ ಇಡ್ಲಿ. ಹೊಲ ಕೊಟ್ಟ ಊರಿಗೂ ಇಡ್ಲಿ ಮಾರಿದ ಊರಿಗೂ ನಡುವೆ ಹತ್ತಾರು ಕಿಲೋಮೀಟರ್ ಅಂತರವಿದೆ. ತಕರಾರು ಇರೋದೇ ಅಲ್ಲಿ.

## ಊರಲ್ಲೇ ಉಳಿಯುವ ಲಾಭ

ಕರೆಂಟ್ ತಯಾರಿ ಬಿಡಿ. ಇರೋ ಕರೆಂಟಲ್ಲಿ ನಾಲ್ಕು ಕಾಸು ಹೇಗೆ ಮಾಡೋದು?

ಎಲ್ಲಾ ಪ್ರಶ್ನೆಗಳಲ್ಲಿ ನನಗೆ ಇಷ್ಟವಾದದ್ದು ಇದು. ನನ್ನ ಪ್ರಕಾರ ಕರೆಂಟ್ ತಯಾರಿಸುವ ಊರಿಗಿಂತ ಕರೆಂಟ್ ಬಳಸುವ ಊರೇ ಉದ್ಧಾರವಾಗುವುದು. ಕೋಲಾರದ ಗಣಿಯ ಕಥೆಯೂ ಅದೇ ಅಲ್ವಾ?

ಹಾಲು ತೆಗೆದುಕೊಳ್ಳಿ. ಹಾಸನದ ಹಾಲು ಒಕ್ಕೂಟಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಸಂಘಗಳು ಸೇರಿವೆ. ಸಂಜೆ ಹಾಲು ಡೈರಿಯ ಬಿಎಂಸಿಗೆ, ಅಂದರೆ ಹಾಲು ತಂಪು ಮಾಡುವ ದೊಡ್ಡ ತೊಟ್ಟಿಗೆ, ಬಿದ್ದ ಮೇಲೆ ಬೇಗನೆ ನಾಲ್ಕು ಡಿಗ್ರಿಗೆ ಇಳಿಯಬೇಕು. ಅದೇ ಹೊತ್ತಿಗೆ ಕರೆಂಟ್ ಹೋದರೆ ಕಾರ್ಯದರ್ಶಿ ಡೀಸೆಲ್ ಕ್ಯಾನ್ ಹಿಡಿದು ಜನರೇಟರ್ ಕಡೆ ಓಡುತ್ತಾರೆ. ಆ ಡೀಸೆಲ್ ಖರ್ಚು ಸಂಘದ ಲಾಭದಿಂದ, ಅಂದರೆ ನಿಮ್ಮ ಬೋನಸ್‌ನಿಂದ ಹೋಗುವುದು. ಡೈರಿ ಚಾವಣಿ ಮೇಲೆ ಸೋಲಾರು, ಬ್ಯಾಟರಿ ಹಾಕಿದರೆ ಆ ದುಡ್ಡು ಊರಲ್ಲೇ ಉಳಿಯುತ್ತದೆ.

ಆಲೂಗಡ್ಡೆ ಇನ್ನೊಂದು. ಕೀಳುವ ಹೊತ್ತಿಗೆ ರೇಟು ಬಿದ್ದಿರುತ್ತದೆ, ಇಡುವ ಜಾಗ ಇದ್ದವರು ಕಾಯುತ್ತಾರೆ, ಇಲ್ಲದವರು ಸಿಕ್ಕ ಬೆಲೆಗೆ ಕೊಟ್ಟು ಬರುತ್ತಾರೆ. ಕೋಲ್ಡ್ ಸ್ಟೋರೇಜ್ ನಡೆಯುವುದು ಪೂರಾ ಕರೆಂಟಿನ ಮೇಲೆ. ಅದರ ಬಿಲ್ ಇಳಿದರೆ ಸಂಘದವರು ಚೀಲಕ್ಕೆ ತೆಗೆದುಕೊಳ್ಳುವ ಬಾಡಿಗೆಯನ್ನೂ ಇಳಿಸಬಹುದು.

ಕಾಫಿಯವರಿಗೆ ಹೂಮಳೆ, ಅಂದರೆ ಕಾಫಿ ಹೂ ಅರಳಲು ಬೇಕಾದ ಮಳೆ, ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಓಡಿಸಲೇಬೇಕು. ಕೆರೆ ದಂಡೆಯಲ್ಲಿ ಡೀಸೆಲ್ ಪಂಪು ಹಗಲೂ ರಾತ್ರಿ ಬಡಿದುಕೊಳ್ಳುವ ಸದ್ದು ಎಲ್ಲರಿಗೂ ಗೊತ್ತು. ಇನ್ನು ಪಲ್ಪಿಂಗ್ ನೀರು. ಸಿಪ್ಪೆ ತೆಗೆದ ಮೇಲೆ ಉಳಿಯುವ ಆ ಹುಳಿ ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ, ತೊಟ್ಟಿಗೆ ಬಿಟ್ಟರೆ ಗ್ಯಾಸ್ ಬರುತ್ತದೆ. ದೊಡ್ಡ ಎಸ್ಟೇಟ್‌ಗಳಲ್ಲಿ ಕೆಲವರು ಹೀಗೆ ಮಾಡಿದ್ದಾರೆ. ಕಷ್ಟ ಏನೆಂದರೆ ಪಲ್ಪಿಂಗ್ ವರ್ಷದಲ್ಲಿ ಎರಡು ಮೂರು ತಿಂಗಳ ಕೆಲಸ. ಉಳಿದ ಕಾಲಕ್ಕೆ ತೊಟ್ಟಿಗೆ ಸಗಣಿ ಉಣಿಸುತ್ತಿರಬೇಕು.

ಸಣ್ಣದನ್ನು ಮರೆಯಬೇಡಿ. ಸೋಲಾರ್‌ನಲ್ಲಿ ಓಡುವ ಹೊಲಿಗೆ ಯಂತ್ರ, ರೊಟ್ಟಿ ಯಂತ್ರ ರಾಜ್ಯದಲ್ಲಿ ಹಲವು ಕಡೆ ನಡೆಯುತ್ತಿವೆ. ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಸೇರಿ ಒಂದು ಯಂತ್ರ ಇಟ್ಟುಕೊಂಡರೂ ಸಾಕು, ಆ ದುಡಿಮೆ ಪೂರ್ತಿ ಮನೆಗೇ ಬರುತ್ತದೆ.

ಹೊಂಗೆ ಎಣ್ಣೇಲಿ ಟ್ರ್ಯಾಕ್ಟರ್ ಓಡುತ್ತೆ ಅಂದಿದ್ರಲ್ಲ, ಏನಾಯ್ತು ಅದು?

ಓಡುತ್ತೆ, ಸುಳ್ಳಲ್ಲ. ಹಾಸನ ಹತ್ತಿರದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಮಾಡಿದ್ದೇ ಈ ಕೆಲಸ. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿ ಬೆಳೆಸಿ, ಬದುಗಳಲ್ಲಿ ನೆಡಿ, ಬೀಜ ತನ್ನಿ ಅಂತ ರೈತರ ಸಂಘ ಕಟ್ಟಿಸಿದರು. ಫಸಲಿನ ಜಮೀನು ಮುಟ್ಟದೆ ಬೇಲಿ, ಬದುವಿನಲ್ಲೇ ಬೆಳೆಯೋದು ಇದರ ಜಾಣತನ. ಬೀಜದಲ್ಲಿ ಎಣ್ಣೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ. ತೊಂದರೆ ಇರುವುದು ಆಯುವುದರಲ್ಲಿ. ಹೊಂಗೆ ಕಾಯಿ ಒಡೆದು ಬೀಜ ತೆಗೆಯೋದು ನಿಧಾನದ ಕೆಲಸ, ಕೂಲಿ ಕೊಟ್ಟು ಮಾಡಿಸಿದರೆ ಗಿಟ್ಟುವುದಿಲ್ಲ. ನನಗನ್ನಿಸುವುದು, ಎಣ್ಣೆಗಿಂತ ಹಿಂಡಿಯನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ಇದು ಊರ ಮಟ್ಟದಲ್ಲಿ ನಡೆಯುತ್ತದೆ. ಗೊಬ್ಬರಕ್ಕೆ ಹೊಂಗೆ ಹಿಂಡಿ ಬೇಡ ಅನ್ನುವ ತೋಟದವರು ಎಲ್ಲಿದ್ದಾರೆ?

## ಸ್ವಲ್ಪ ಆಳದ್ದು

ಹೊಳೆ ನೀರು ಸುಮ್ನೆ ಸಮುದ್ರಕ್ಕೆ ಹೋಗುತ್ತೆ. ಸಣ್ಣ ಹೈಡೆಲ್ ಹಾಕಿದ್ರೆ ತಪ್ಪೇನು?

ಸಣ್ಣದು ಅನ್ನುವ ಪದದಲ್ಲೇ ಮೋಸವಿದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ 25 ಮೆಗಾವ್ಯಾಟ್‌ಗಿಂತ ಕಮ್ಮಿ ಇದ್ದರೆ ಪರಿಸರ ಪರಿಣಾಮದ ಅಧ್ಯಯನ ಬೇಕಿಲ್ಲ. ಅದಕ್ಕೇ 24.75 ಮೆಗಾವ್ಯಾಟ್ ಅನ್ನುವ ವಿಚಿತ್ರ ಅಂಕಿ ಪಶ್ಚಿಮಘಟ್ಟದಲ್ಲಿ ಎಷ್ಟೋ ಕಡೆ ಕಾಣುವುದು. ಒಂದು ಹೊಳೆಗೆ ಇಂಥವು ಮೂರು ನಾಲ್ಕು ಸಾಲಾಗಿ ಬಂದರೆ? ಪ್ರತಿಯೊಂದಕ್ಕೂ ಕಾಡಿನೊಳಗೆ ದಾರಿ, ದಪ್ಪ ಪೈಪು, ತಂತಿ. ಪೈಪಿಗೆ ನೀರು ತಿರುಗಿದ ಮೇಲೆ ಬೇಸಿಗೆಯಲ್ಲಿ ನಡುವಿನ ಹೊಳೆಯಲ್ಲಿ ಕಲ್ಲು ಮಾತ್ರ. ಕರೆಂಟು ಜೋರಾಗಿ ಬರುವುದು ಮಳೆಗಾಲದಲ್ಲಿ. ಆನೆ ದಾರಿಗೆ ಅಡ್ಡ ಬಂದರೆ ಆನೆ ನಮ್ಮ ಭತ್ತದ ಗದ್ದೆಗೆ ಬರುತ್ತದೆ, ಆ ನಷ್ಟ ಯಾವ ಪ್ರಾಜೆಕ್ಟ್ ವರದಿಯಲ್ಲೂ ಇರೋದಿಲ್ಲ. ಸಕಲೇಶಪುರ ಕಡೆ 200 ಮೆಗಾವ್ಯಾಟ್‌ನ ಗುಂಡ್ಯ ಯೋಜನೆಗೆ ಜನ ವರ್ಷಗಟ್ಟಲೆ ವಿರೋಧ ಮಾಡಿದ್ದು ಸುಮ್ನೆ ಅಲ್ಲ.

ನಿಜವಾಗಿಯೂ ಸಣ್ಣದು ಬೇರೆ ಇದೆ. ತೋಟದ ಹಳ್ಳಕ್ಕೆ ಪೈಪ್ ಹಾಕಿ, ಒಂದು ಕಿಲೋವ್ಯಾಟ್‌ನ ಪುಟ್ಟ ಟರ್ಬೈನ್ ತಿರುಗಿಸಿ, ಒಂಟಿ ಮನೆಗೆ ಬೆಳಕು ಮಾಡಿಕೊಂಡವರು ಮಲೆನಾಡಿನಲ್ಲಿ ಸುಮಾರು ಜನ ಇದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಲೈನ್ ಇಲ್ಲದಾಗ ಆ ಮನೆಯಲ್ಲಿ ಮಾತ್ರ ಮಿಕ್ಸಿ ಸದ್ದು ಕೇಳುತ್ತದೆ. ಇಂಥದ್ದಕ್ಕೆ ಯಾರೂ ಅಡ್ಡಿ ಮಾಡಬಾರದು.

ಕಂಪನಿಯವರು ಸಿಎಸ್ಆರ್ ದುಡ್ಡಲ್ಲಿ ಬಸ್‌ಸ್ಟ್ಯಾಂಡ್ ಕಟ್ಟಿಸಿಕೊಡ್ತಾರಂತೆ, ಸಾಕಲ್ವಾ?

ಸಿಎಸ್ಆರ್ ಅಂದರೆ ಕಂಪನಿ ತನ್ನ ಲಾಭದಲ್ಲಿ ಸಮಾಜಕ್ಕೆ ಅಂತ ಖರ್ಚು ಮಾಡುವ ದುಡ್ಡು. ಕೊಟ್ಟರೆ ಬೇಡ ಅನ್ನಬೇಡಿ, ಆದರೆ ಅದನ್ನು ಪಾಲು ಅಂದುಕೊಳ್ಳಬೇಡಿ. 2013ರ ಕಂಪನಿ ಕಾಯ್ದೆಯಲ್ಲಿ ಲಾಭದ ಶೇ. 2 ಖರ್ಚು ಮಾಡಬೇಕಾದದ್ದು ದೊಡ್ಡ ಕಂಪನಿಗಳು ಮಾತ್ರ: ಸಾಲ ಕಳೆದು ಉಳಿಯುವ ಆಸ್ತಿ 500 ಕೋಟಿ, ಇಲ್ಲಾ ವಹಿವಾಟು 1000 ಕೋಟಿ, ಇಲ್ಲಾ ಲಾಭ 5 ಕೋಟಿ ದಾಟಿರಬೇಕು. ಒಂದೊಂದು ಪ್ಲಾಂಟಿಗೆ ಒಂದೊಂದು ಪುಟ್ಟ ಕಂಪನಿ ಮಾಡಿರುತ್ತಾರೆ, ಅದು ಈ ಗೆರೆ ದಾಟದೇ ಇರಬಹುದು. ಪಾಲು ಅಂದರೆ ಹೇಗಿರಬೇಕು ಅನ್ನುವುದಕ್ಕೆ 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿ ನೋಡಿ. ಅದರಲ್ಲಿ ರಾಜ್ಯಕ್ಕೆ ಶೇ. 12 ಉಚಿತ ವಿದ್ಯುತ್ತಿನ ಜೊತೆಗೆ, ಸ್ಥಳೀಯ ಅಭಿವೃದ್ಧಿ ನಿಧಿಗೆ ಇನ್ನೂ ಶೇ. 1 ಅಂತ ಇದೆ. ಕರೆಂಟ್ ಬರುವಷ್ಟು ಕಾಲ ದುಡ್ಡೂ ಬರುತ್ತಿರುತ್ತದೆ. ಬಸ್‌ಸ್ಟ್ಯಾಂಡ್ ಹಾಗಲ್ಲ, ಬಣ್ಣ ಹೋದರೆ ಹೋಯಿತು.

ಪ್ರಾಜೆಕ್ಟ್ ಮುಗಿದ ಮೇಲೆ ಊರು ಏನಾಗುತ್ತೆ?

ಇದಕ್ಕೆ ಒಂದು ಕಥೆ ಹೇಳುತ್ತೇನೆ. ಕರೆಂಟಿನದ್ದಲ್ಲ, ಆದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯದ್ದೇ. ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಶುರುವಾಯಿತು. ಕಾಡಿನ ನಡುವೆ ಮನೆ, ಶಾಲೆ, ಆಸ್ಪತ್ರೆ ಇರುವ ಊರೇ ಎದ್ದಿತು. ಅದಿರು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು ಅನ್ನಿ. ಆದರೆ ಆ ಊರಿನ ಅಂಗಡಿ, ಕ್ಷೌರದ ಅಂಗಡಿ, ಆಟೋ ಎಲ್ಲಾ ಒಂದೇ ಸಂಬಳದ ಮೇಲೆ ನಿಂತಿದ್ದವು. ಸಂಬಳ ಹೋಯಿತು, ಊರೂ ಖಾಲಿಯಾಯಿತು. ಸೋಲಾರ್ ಕರಾರು 25 ವರ್ಷ ಅಂದರೆ ಇವತ್ತು ಹುಟ್ಟಿದ ಮಗುವಿನ ಮದುವೆ ಹೊತ್ತಿಗೆ ಮುಗಿಯುತ್ತದೆ. ಬಾಡಿಗೆ ದುಡ್ಡಲ್ಲಿ ಬರೀ ಕಾರು, ಮದುವೆ ಆದರೆ ಕಷ್ಟ. ಅಡಿಕೆ, ಹಸು, ಮಕ್ಕಳ ಓದು ಅಂತ ಒಂದಷ್ಟು ಹೋಗಲಿ.

ನಮ್ಮ ಪಂಚಾಯಿತಿಗೆ ಎನ್‌ಒಸಿ ಕೇಳಿದ್ದಾರೆ. ಗ್ರಾಮಸಭೆಯಲ್ಲಿ ಏನು ಕೇಳ್ಬೇಕು?

ಗಲಾಟೆ ಮಾಡಬೇಕಿಲ್ಲ, ಐದಾರು ಪ್ರಶ್ನೆ ಸಾಕು. ಕರೆಂಟು ಯಾವ ಸ್ಟೇಷನ್‌ಗೆ, ಯಾವ ಫೀಡರ್‌ಗೆ ಹೋಗುತ್ತೆ? ನಮ್ಮ ಟಿಸಿಗಳಿಗೆ (ಟ್ರಾನ್ಸ್‌ಫಾರ್ಮರ್‌ಗಳಿಗೆ) ಅದರಿಂದ ಏನಾದರೂ ಅನುಕೂಲ ಇದೆಯಾ? ಪ್ಯಾನೆಲ್ ತೊಳೆಯುವ ನೀರು ನಮ್ಮ ಬೋರಿಂದಲಾ? ಪಂಚಾಯಿತಿಗೆ ತೆರಿಗೆ ಎಷ್ಟು, ಯಾವ ತಿಂಗಳು ಕಟ್ಟುತ್ತೀರಿ? ಭಾರದ ಲಾರಿ ಓಡಾಡಿ ಕಿತ್ತುಹೋಗುವ ರಸ್ತೆ ಸರಿ ಮಾಡುವವರು ಯಾರು, ಅದಕ್ಕೆ ಮುಂಗಡ ಠೇವಣಿ ಇಡುತ್ತೀರಾ? ಗೋಮಾಳ ಹೋದರೆ ದನ ಎಲ್ಲಿ ಮೇಯಬೇಕು?

ರಸ್ತೆ ಪ್ರಶ್ನೆಯನ್ನು ಬಿಡಬೇಡಿ. ಒಂದು ಊರಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆ ಲಾರಿ ತಿರುಗಲಿ ಅಂತ ಮೂಲೆಯ ಅರಳಿಕಟ್ಟೆಯ ಒಂದು ಬದಿ ಒಡೆದರು, ಆಮೇಲೆ ಕಟ್ಟಿಕೊಡ್ತೀವಿ ಅಂದರು. ಬಾಯಿಮಾತು. ಕೆಲಸ ಮುಗಿಸಿ ಗುತ್ತಿಗೆದಾರರು ಹೋದರು, ಕಟ್ಟೆ ಈಗಲೂ ಹಾಗೇ ಇದೆ. ಅಧಿಕಾರಿ ಏನು ಉತ್ತರ ಕೊಟ್ಟರೂ ನಡಾವಳಿ ಪುಸ್ತಕದಲ್ಲಿ ಅಲ್ಲೇ ಬರೆಸಿ. ಸಹಿ ಹಾಕುವ ಮುಂಚೆ ಪಿಡಿಒ ಹತ್ತಿರ ಗಟ್ಟಿಯಾಗಿ ಓದಿಸಿ.